ಪಾಯಿಂಟು ಕೈಕೊಟ್ಟಾಗ: ಮಾದರಿ ರೈಲಿನಲ್ಲಿ ದೋಷ ಹುಡುಕುವ ಕ್ರಮ

ಹಾಸನದ ನಮ್ಮ ಮನೆಯ ಅಟ್ಟದಲ್ಲಿ ಉದ್ದನೆಯ ಪ್ಲೈವುಡ್ ಹಲಗೆಯ ಮೇಲೆ ಒಂದು ಪುಟ್ಟ ಸಕಲೇಶಪುರ ಸ್ಟೇಷನ್ ಇದೆ. ನಿಜವಾದ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 57 ಸುರಂಗಗಳಿವೆ. ಸುಬ್ರಹ್ಮಣ್ಯದ ಕಡೆಯಿಂದ ಬರುವಾಗ 50 ಅಡಿಗೆ ಒಂದಡಿ ಏರು. ಕೆಳಗಿನಿಂದ ಬರುವ ಗೂಡ್ಸ್ ಗಾಡಿಯನ್ನು ಬ್ಯಾಂಕರ್ ಎಂಜಿನ್ ಹಿಂದಿನಿಂದ ತಳ್ಳಿಕೊಂಡು ಬರಬೇಕು. ಮೇಲೆ ಬಂದ ಮೇಲೆ ಅದು ಕಳಚಿಕೊಂಡು ಬೇರೆ ಲೈನಿಗೆ ಸರಿಯಬೇಕು. ಈ ಕೆಲಸ ನನ್ನ ಹಲಗೆಯ ಮೇಲೂ ನಡೆಯಲಿ ಅಂತ ಒಂಬತ್ತು ಪಾಯಿಂಟು, ಅಂದರೆ ಗಾಡಿಯನ್ನು ಒಂದು ಲೈನಿನಿಂದ ಇನ್ನೊಂದಕ್ಕೆ ತಿರುಗಿಸುವ ಹಳಿಯ ಜೋಡಣೆ, ಹಾಕಿದ್ದೇನೆ. ಏಳಕ್ಕೆ ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಚಿಕ್ಕ ಸರ್ವೋ ಮೋಟಾರು, ಅವನ್ನು ನಡೆಸುವುದು ಆರ್ಡುಯಿನೋ ಅನ್ನುವ, ನಾವೇ ಪ್ರೋಗ್ರಾಂ ಬರೆದು ಹಾಕುವ ಪುಟ್ಟ ಬೋರ್ಡು. ಹಳೆಯ ಎರಡಕ್ಕೆ ಕಾಯಿಲ್ ಮೋಟಾರು, ಕರೆಂಟ್ ಕೊಟ್ಟ ಕ್ಷಣ ಅಯಸ್ಕಾಂತದ ಹಾಗೆ ಎಳೆಯುವಂಥದ್ದು.

ಪಾಯಿಂಟು ತಿರುಗಲಿಲ್ಲ ಅಂದರೆ ನಾವೆಲ್ಲ ಮೊದಲು ಲ್ಯಾಪ್‌ಟಾಪ್ ತೆರೆಯುತ್ತೇವೆ. ನಾನೂ ಎರಡು ಭಾನುವಾರ ಪ್ರೋಗ್ರಾಂ ತಿದ್ದುತ್ತ ಕೂತಿದ್ದೆ. ಕೊನೆಗೆ ನೋಡಿದರೆ ಹಳಿಯ ಸಂದಿಯಲ್ಲಿ ಒಂದು ಜಲ್ಲಿಕಾಳು ಸಿಕ್ಕಿಕೊಂಡಿತ್ತು. ಅವತ್ತಿನಿಂದ ನನ್ನ ಕ್ರಮ ಬದಲಾಯಿತು. ಮೊದಲು ಬೆರಳು, ಆಮೇಲೆ ಮೀಟರು, ಪ್ರೋಗ್ರಾಂ ಕಟ್ಟಕಡೆಗೆ. ಈ ಬರಹವೂ ಅದೇ ಕ್ರಮದಲ್ಲಿದೆ.

ಎರಡು ಹೆಸರು ಮೊದಲೇ ಹೇಳಿಬಿಡುತ್ತೇನೆ. ಪಾಯಿಂಟಿನಲ್ಲಿ ಆಚೀಚೆ ಸರಿಯುವ ಚೂಪು ಹಳಿಗೆ ರೈಲ್ವೆಯವರು ಟಂಗ್ ರೈಲ್ ಅನ್ನುತ್ತಾರೆ. ನಾನು ನಾಲಿಗೆ ಹಳಿ ಅಂತ ಬರೆಯುತ್ತೇನೆ. ಎರಡು ದಾರಿಯ ಹಳಿಗಳು ಒಂದನ್ನೊಂದು ದಾಟುವ ಮೂಲೆಗೆ ಮಾದರಿ ಮಾಡುವವರು ಫ್ರಾಗ್ ಅನ್ನುತ್ತಾರೆ. ಅದನ್ನು ಹಾಗೇ ಉಳಿಸಿಕೊಂಡಿದ್ದೇನೆ.

ಕೈ ಹಾಕುವ ಮುಂಚೆ

ಹಲಗೆಯ ಕೆಳಗೆ ಓಡಬೇಕಾದ್ದು ಅಡಾಪ್ಟರಿನಿಂದ ಬರುವ ಕಡಿಮೆ ವೋಲ್ಟೇಜ್ ಮಾತ್ರ. 230 ವೋಲ್ಟ್ ಗೋಡೆಯ ಹತ್ತಿರವೇ ನಿಲ್ಲಬೇಕು. ಅಡಾಪ್ಟರನ್ನಾಗಲಿ ಟ್ರಾನ್ಸ್‌ಫಾರ್ಮರನ್ನಾಗಲಿ ಬಿಚ್ಚಬೇಡಿ. ಕೆಟ್ಟಿದ್ದರೆ ಹೊಸದು ತನ್ನಿ. ವೈರ್ ಬಿಚ್ಚುವಾಗ, ಸೋಲ್ಡರ್ ಮಾಡುವಾಗ ಪ್ಲಗ್ಗನ್ನೇ ಕಿತ್ತುಬಿಡಿ.

ಕಾಯಿಲ್ ಮೋಟಾರಿಗೆ ದೊಡ್ಡ ಕೆಪಾಸಿಟರ್ ಇರುವ ಸರ್ಕಿಟ್ ಹಾಕಿದ್ದರೆ ಪ್ಲಗ್ ಕಿತ್ತ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುತ್ತದೆ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡಿದರೆ ಕಿಡಿ ಹಾರುತ್ತದೆ, ಕೆಪಾಸಿಟರೂ ಹಾಳು. 1,000 ಓಮ್ ರೆಸಿಸ್ಟರನ್ನು ಅದರ ಎರಡು ಕಾಲಿಗೆ ಅರ್ಧ ನಿಮಿಷ ಹಿಡಿಯಿರಿ. ಮೀಟರಿನಲ್ಲಿ ನೋಡಿ, ಆಮೇಲೆ ಮುಟ್ಟಿ.

ಹಲಗೆಯ ಕೆಳಗೆ ಮಲಗಿ ಸೋಲ್ಡರ್ ಮಾಡುವವರು ಕನ್ನಡಕ ಹಾಕಲೇಬೇಕು. ಕರಗಿದ ಹನಿ ಬೀಳುವುದು ನೇರವಾಗಿ ಮುಖದ ಮೇಲೆ. ಇದೊಂದು ಮಾತನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ಬಟನ್ ಒತ್ತಿದರೆ ಸದ್ದೂ ಇಲ್ಲ, ಅಲುಗಾಟವೂ ಇಲ್ಲ

ಮೊದಲ ಪ್ರಶ್ನೆ: ಒಂದೇ ಪಾಯಿಂಟು ಸತ್ತಿದೆಯೋ, ಎಲ್ಲವೂ ಸತ್ತಿವೆಯೋ? ಎಲ್ಲವೂ ಸತ್ತಿದ್ದರೆ ಅಡಾಪ್ಟರು, ಫ್ಯೂಸು, ಮುಖ್ಯ ವೈರು ನೋಡಿ. ಒಂದೇ ಆದರೆ ಆ ಪಾಯಿಂಟಿನ ದಾರಿಯಲ್ಲೇ ದೋಷ ಇದೆ. ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ.

ಒಂದೇ ಸರ್ವೋ ಆಗಿದ್ದರೆ ದುಡ್ಡು ಖರ್ಚಿಲ್ಲದ ಪರೀಕ್ಷೆ ಒಂದಿದೆ. ಕರೆಂಟ್ ಆರಿಸಿ ಅದರ ಪ್ಲಗ್ಗನ್ನು ಪಕ್ಕದ ಸರ್ವೋದ ಜಾಗಕ್ಕೆ ಹಾಕಿ, ಪಕ್ಕದ್ದನ್ನು ಇಲ್ಲಿಗೆ ಹಾಕಿ. ದೋಷ ಸರ್ವೋದ ಜೊತೆ ಹೋದರೆ ಸರ್ವೋ ಕೆಟ್ಟಿದೆ. ದೋಷ ಅದೇ ಜಾಗದಲ್ಲಿ ಉಳಿದರೆ ವೈರು, ಬಟನ್ನು ಇಲ್ಲವೇ ಬೋರ್ಡಿನ ಪಿನ್ ಕೆಟ್ಟಿದೆ.

ಪ್ಲಗ್ ತಿರುಗುಮುರುಗಾಗಿದೆಯಾ ನೋಡಿ. ಎಸ್‌ಜಿ90 ಥರದ ಚಿಕ್ಕ ಸರ್ವೋದಲ್ಲಿ ಕಂದು ವೈರ್ ಗ್ರೌಂಡು, ನಡುವಿನ ಕೆಂಪು 5 ವೋಲ್ಟ್, ಕಿತ್ತಳೆ ಬಣ್ಣದ್ದು ಸಿಗ್ನಲ್ಲು. ಕೆಂಪು ನಡುವೆ ಇರುವುದರಿಂದ ಉಲ್ಟಾ ಹಾಕಿದರೂ ಸಾಮಾನ್ಯವಾಗಿ ಸುಡುವುದಿಲ್ಲ, ಸುಮ್ನೆ ಕೂತಿರುತ್ತದೆ.

ಪಿಸಿಎ9685 ಅನ್ನುವ 16 ಸರ್ವೋಗಳ ಬೋರ್ಡ್ ಬಳಸುವವರು ಇಲ್ಲಿ ಹೆಚ್ಚು ತಪ್ಪುತ್ತಾರೆ. ಅದಕ್ಕೆ ಎರಡು ಕಡೆ ಕರೆಂಟ್ ಕೊಡಬೇಕು. ಒಂದು ಬೋರ್ಡಿನ ಚಿಪ್ಪಿಗೆ, ಇನ್ನೊಂದು ಸ್ಕ್ರೂ ಇರುವ ಟರ್ಮಿನಲ್ಲಿಗೆ, ಅದು ಸರ್ವೋಗಳಿಗೆ. ಮೊದಲನೆಯದು ಮಾತ್ರ ಕೊಟ್ಟರೂ ದೀಪ ಉರಿಯುತ್ತದೆ, ಪ್ರೋಗ್ರಾಂ ಓಡುತ್ತದೆ. ಸರ್ವೋ ಮಾತ್ರ ಮಿಸುಕುವುದಿಲ್ಲ. ದೀಪ ನೋಡಿ ಕರೆಂಟ್ ಇದೆ ಅಂದುಕೊಳ್ಳಬೇಡಿ. ಸರ್ವೋದ ಪ್ಲಗ್ಗಿನಲ್ಲೇ ಅಳೆಯಿರಿ. ಕೆಂಪು ಮತ್ತು ಕಂದು ವೈರಿನ ನಡುವೆ 5 ವೋಲ್ಟಿನ ಆಸುಪಾಸು ಇರಬೇಕು.

ಕಾಯಿಲ್ ಮೋಟಾರಾದರೆ ವೈರ್ ಬಿಚ್ಚಿ ಓಮ್ ಅಳೆಯಿರಿ. ಕೆಲವೇ ಓಮ್ ತೋರಿಸಿದರೆ ಕಾಯಿಲ್ ಬದುಕಿದೆ. ಮೀಟರ್ ಏನೂ ತೋರಿಸದಿದ್ದರೆ ಒಳಗೆ ತಂತಿ ಕಡಿದಿದೆ. ಅದನ್ನು ರಿಪೇರಿ ಮಾಡುವುದಕ್ಕಿಂತ ಬದಲಾಯಿಸುವುದೇ ಒಳ್ಳೆಯದು.

ಸದ್ದು ಬರುತ್ತದೆ, ನಾಲಿಗೆ ಹಳಿ ಪೂರ್ತಿ ಹೋಗಿ ಕೂರುವುದಿಲ್ಲ

ಕರೆಂಟ್ ಆರಿಸಿ. ಮೋಟಾರಿನ ತಂತಿಯನ್ನು ಪಾಯಿಂಟಿನಿಂದ ಬಿಡಿಸಿ. ಈಗ ಕಿರುಬೆರಳಿನಿಂದ ನಾಲಿಗೆ ಹಳಿಯನ್ನು ಆಚೀಚೆ ಸರಿಸಿ ನೋಡಿ. ಬೆರಳಿಗೇ ಬಿಗಿ ಅನ್ನಿಸಿದರೆ ಮೋಟಾರು, ಪ್ರೋಗ್ರಾಂ ಎರಡನ್ನೂ ಮರೆತುಬಿಡಿ. ಜಲ್ಲಿಕಾಳು, ಜಲ್ಲಿಗೆ ಹಾಕಿದ ಅಂಟು, ಬಣ್ಣದ ಹನಿ, ಇಲ್ಲವೇ ತುಂಬಾ ಬಿಗಿಯಾದ ಮೊಳೆ, ಇವುಗಳಲ್ಲಿ ಒಂದು ಇರುತ್ತದೆ. ಟಾರ್ಚನ್ನು ಹಳಿಯ ಮಟ್ಟದಲ್ಲಿ ಅಡ್ಡ ಹಿಡಿದರೆ ಸಣ್ಣ ಕಾಳೂ ನೆರಳು ಬಿಟ್ಟು ಕಾಣುತ್ತದೆ. ಹಲ್ಲುಜ್ಜುವ ಹಳೆಯ ಬ್ರಷ್ ಸಾಕು.

ನಿಜವಾದ ರೈಲ್ವೆಯಲ್ಲಿ ನಾಲಿಗೆ ಹಳಿಗೂ ಪಕ್ಕದ ಹಳಿಗೂ ನಡುವೆ 5 ಮಿಲಿಮೀಟರ್ ದಪ್ಪದ ಕಬ್ಬಿಣದ ತುಂಡು ಇಟ್ಟು ಪರೀಕ್ಷೆ ಮಾಡುತ್ತಾರೆ. ತುಂಡು ಇರುವಾಗ ಪಾಯಿಂಟು ಲಾಕ್ ಆಗಲೇಬಾರದು. ನಮ್ಮ ಎಚ್‌ಒ ಅಳತೆ 87ಕ್ಕೆ ಒಂದು. ಅಂದರೆ ಆ 5 ಮಿಲಿಮೀಟರ್ ನಮ್ಮಲ್ಲಿ ಒಂದು ಹಾಳೆಯ ದಪ್ಪಕ್ಕಿಂತ ಕಡಿಮೆ! ಅದಕ್ಕೇ ನಾನು ಹಾಳೆಯನ್ನೇ ಬಳಸುತ್ತೇನೆ. ನೋಟ್‌ಬುಕ್ ಹಾಳೆಯ ಒಂದು ಪಟ್ಟಿಯನ್ನು ಸಂದಿಯಲ್ಲಿ ಇಟ್ಟು ಪಾಯಿಂಟು ತಿರುಗಿಸಿ. ಪಟ್ಟಿಯನ್ನು ಎಳೆದಾಗ ಬಿಗಿಯಾಗಿ ಹಿಡಿದುಕೊಂಡರೆ ಸರಿ. ಸಲೀಸಾಗಿ ಜಾರಿ ಬಂದರೆ ಆ ಸಂದಿಯಲ್ಲಿ ಚಕ್ರದ ಅಂಚು ನುಗ್ಗುತ್ತದೆ, ಬೋಗಿ ಹಳಿ ತಪ್ಪುತ್ತದೆ.

ಬೆರಳಿಗೆ ಹಗುರವಾಗಿದ್ದೂ ಮೋಟಾರಿಗೆ ಆಗುತ್ತಿಲ್ಲ ಅಂದರೆ ಸರ್ವೋದ ಕೈ ಸಡಿಲವಾಗಿದೆಯಾ, ತಳ್ಳುವ ತಂತಿ ಬಾಗಿದೆಯಾ, ಸರ್ವೋ ಅಂಟಿಸಿದ ಜಾಗ ಬಿಟ್ಟುಕೊಂಡಿದೆಯಾ ನೋಡಿ. ಸರ್ವೋ ತಿರುಗುವಾಗ ಅದರ ಮೈ ಅಲುಗಿದರೆ ಅಂಟು ಬಿಟ್ಟಿದೆ ಅಂತ ಅರ್ಥ. ಎರಡು ಸ್ಕ್ರೂ ಹಾಕಿ.

ಕಾಯಿಲ್ ಮೋಟಾರು ಬರೀ ಟಿಕ್ ಅಂದು ಸುಮ್ಮನಾದರೆ ಶಕ್ತಿ ಸಾಲುತ್ತಿಲ್ಲ. ನನ್ನಲ್ಲಿ ಹೀಗಾದದ್ದು ಹಳೆಯ ಟೆಲಿಫೋನ್ ವೈರಿನಿಂದ. ಅರ್ಧ ಮಿಲಿಮೀಟರಿನ ಆ ತಂತಿ ಹೋಗಿ ಬರುವ ದಾರಿ ಸೇರಿ 6 ಮೀಟರ್ ಆದರೆ ಅದೇ ಅರ್ಧ ಓಮ್ ಆಗುತ್ತದೆ. ಕಾಯಿಲ್ಲೇ ನಾಲ್ಕು ಓಮ್ ಇರುವಾಗ ಒಂಬತ್ತನೇ ಒಂದು ಭಾಗ ವೈರಿನಲ್ಲೇ ಹೋಯಿತು. ದಪ್ಪ ವೈರ್ ಎಳೆದೆ, ಕೆಪಾಸಿಟರ್ ಸರ್ಕಿಟ್ ಸೇರಿಸಿದೆ. ಈಗ ಟಕ್ ಅಂತ ಬೀಳುತ್ತದೆ.

ಸರ್ವೋ ಗುರ್ ಅನ್ನುತ್ತಲೇ ಇರುತ್ತದೆ

ಹೇಳಿದ ಜಾಗಕ್ಕೆ ಹೋಗಲು ಆಗದೆ ಅದು ತಳ್ಳುತ್ತಲೇ ಇದೆ. ನಾಲಿಗೆ ಹಳಿ ಪಕ್ಕದ ಹಳಿಗೆ ತಾಗಿ ನಿಂತ ಮೇಲೂ ಪ್ರೋಗ್ರಾಂ ಇನ್ನೂ ನಾಲ್ಕು ಡಿಗ್ರಿ ಹೋಗು ಅನ್ನುತ್ತಿದೆ. ಬೆರಳು ಇಟ್ಟು ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಬೆರಳು ಇಡಲಾಗದಷ್ಟು ಬಿಸಿಯಿದ್ದರೆ ತಕ್ಷಣ ಪ್ಲಗ್ ಕೀಳಿ.

ಪರಿಹಾರ ಸುಲಭ. ಕೋನವನ್ನು ಒಂದೊಂದೇ ಡಿಗ್ರಿ ಕಡಿಮೆ ಮಾಡುತ್ತ ಬನ್ನಿ. ಸದ್ದು ನಿಲ್ಲಬೇಕು, ಹಾಳೆಯ ಪಟ್ಟಿಯೂ ಬಿಗಿಯಾಗಿ ಹಿಡಿದಿರಬೇಕು. ಎರಡೂ ಒಟ್ಟಿಗೆ ಸಿಗದಿದ್ದರೆ ತಳ್ಳುವ ತಂತಿ ತುಂಬಾ ಗಡುಸಾಗಿದೆ. ಸ್ವಲ್ಪ ತೆಳು ಸ್ಪ್ರಿಂಗ್ ತಂತಿ ಹಾಕಿದರೆ ಉಳಿದ ಒತ್ತಡವನ್ನು ಅದು ನುಂಗಿಕೊಳ್ಳುತ್ತದೆ. ತಿರುಗಿದ ಮೇಲೆ ಪ್ರೋಗ್ರಾಮಿನಲ್ಲಿ ಡಿಟ್ಯಾಚ್ ಮಾಡಿ ಸಿಗ್ನಲ್ ನಿಲ್ಲಿಸುವವರೂ ಇದ್ದಾರೆ. ಒಳ್ಳೆಯದೇ, ಆದರೆ ಕೋನ ಸರಿ ಮಾಡಿದ ಮೇಲೆ. ಮೊದಲೇ ಡಿಟ್ಯಾಚ್ ಹಾಕಿದರೆ ಸದ್ದು ನಿಲ್ಲುತ್ತದೆ, ದೋಷ ಹಾಗೇ ಉಳಿಯುತ್ತದೆ.

ಒಂದು ತಿರುಗಿದರೆ ಇನ್ನೊಂದು ನಡುಗುತ್ತದೆ, ಕರೆಂಟ್ ಬಂದ ಕೂಡಲೇ ಎಲ್ಲವೂ ಎಗರುತ್ತವೆ

ನನ್ನನ್ನು ಜಾಸ್ತಿ ಕಾಡಿದ ದೋಷ ಇದು. ಇದಕ್ಕೆ ಕಾರಣ ಒಂದಲ್ಲ, ಮೂರು. ಮೂರೂ ಹೊರಗಿನಿಂದ ಒಂದೇ ಥರ ಕಾಣುತ್ತವೆ.

ಮೊದಲನೆಯದು ಕರೆಂಟ್ ಸಾಲದಿರುವುದು. ಚಿಕ್ಕ ಸರ್ವೋ ಅಂದರೂ ತಡೆದು ನಿಂತಾಗ ಅರ್ಧ ಆಂಪಿಯರಿಗೂ ಮೇಲೆ ಎಳೆಯುತ್ತದೆ. ಲ್ಯಾಪ್‌ಟಾಪಿನ ಮಾಮೂಲಿ ಯುಎಸ್‌ಬಿ ಕೊಡುವುದೇ ಅರ್ಧ ಆಂಪಿಯರ್. ಆರ್ಡುಯಿನೋದ 5 ವೋಲ್ಟ್ ಪಿನ್ನಿನಿಂದಲೇ ಸರ್ವೋಗಳಿಗೆ ಕೊಟ್ಟರೆ ವೋಲ್ಟೇಜ್ ಕುಸಿಯುತ್ತದೆ, ಬೋರ್ಡ್ ಮತ್ತೆ ಶುರುವಾಗುತ್ತದೆ, ಶುರುವಾದಾಗ ಎಲ್ಲ ಸರ್ವೋ ಎಗರುತ್ತವೆ, ಎಗರಿದಾಗ ಮತ್ತೆ ಕುಸಿಯುತ್ತದೆ. ಗುರುತಿಸುವುದು ಹೀಗೆ: ಎಲ್ಲ ಸರ್ವೋ ಬಿಚ್ಚಿ ಒಂದನ್ನೇ ಇಡಿ. ಒಂದಕ್ಕೆ ಸರಿಯಿದ್ದು ಮೂರಕ್ಕೆ ನಡುಕ ಬಂದರೆ ಕರೆಂಟಿನದೇ ದೋಷ. ಸರ್ವೋಗಳಿಗೇ ಬೇರೆ 5 ವೋಲ್ಟ್ ಅಡಾಪ್ಟರ್ ಹಾಕಿ. ನನ್ನ ಏಳಕ್ಕೆ 4 ಆಂಪಿಯರಿನದು ಹಾಕಿದ್ದೇನೆ. ಪ್ರೋಗ್ರಾಮಿನಲ್ಲಿ ಒಂದರ ನಂತರ ಒಂದು ತಿರುಗುವ ಹಾಗೆ ಮಾಡಿದ್ದೇನೆ, ಆದ್ದರಿಂದ ಅದು ಧಾರಾಳ. ಸರ್ವೋ ಗುಂಪಿನ ಹತ್ತಿರ 1,000 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದು ಇರಲಿ. ಅದರ ಪ್ಲಸ್, ಮೈನಸ್ ಕಾಲು ಉಲ್ಟಾ ಆಗಬಾರದು, ಉಲ್ಟಾ ಆದರೆ ಸಿಡಿಯುತ್ತದೆ.

ಎರಡನೆಯದು ಗ್ರೌಂಡ್ ಸೇರದಿರುವುದು. ಬೇರೆ ಅಡಾಪ್ಟರ್ ಹಾಕಿದ ದಿನವೇ ಹುಟ್ಟುವ ದೋಷ ಇದು. ಅಡಾಪ್ಟರಿನ ಮೈನಸ್ಸೂ ಆರ್ಡುಯಿನೋದ ಗ್ರೌಂಡೂ ಒಂದು ವೈರಿನಿಂದ ಸೇರಿರಬೇಕು. ಇಲ್ಲದಿದ್ದರೆ ಸಿಗ್ನಲ್ ಯಾವುದಕ್ಕೆ ಹೋಲಿಸಿ ಅಂತ ಸರ್ವೋಗೆ ಗೊತ್ತಾಗುವುದಿಲ್ಲ, ಮನಸ್ಸು ಬಂದ ಹಾಗೆ ಕುಣಿಯುತ್ತದೆ. ಆದರೆ ಎರಡು ಕಡೆಯ ಪ್ಲಸ್ಸನ್ನು ಸೇರಿಸಲೇಬೇಡಿ.

ಮೂರನೆಯದು ನಿಜಕ್ಕೂ ಪ್ರೋಗ್ರಾಮಿನದು. ಆರ್ಡುಯಿನೋದ ಸರ್ವೋ ಲೈಬ್ರರಿಯಲ್ಲಿ ಅಟ್ಯಾಚ್ ಮಾಡಿದ ಕೂಡಲೇ, ಅಂದರೆ ಸಿಗ್ನಲ್ ಶುರು ಮಾಡಿದ ಕೂಡಲೇ, ನೀವು ಏನೂ ಹೇಳದಿದ್ದರೆ, ಸರ್ವೋ ನಟ್ಟನಡುವಿಗೆ ಹೋಗುತ್ತದೆ. ಪಾಯಿಂಟಿಗೆ ನಡು ಅನ್ನುವುದೇ ಇಲ್ಲ ಅಲ್ವಾ? ಆದ್ದರಿಂದ ಮೊದಲು ರೈಟ್, ಅಂದರೆ ಕೋನ ಹೇಳುವುದು, ಆಮೇಲೆ ಅಟ್ಯಾಚ್. ಕೊನೆಯ ಸ್ಥಿತಿಯನ್ನು ಕರೆಂಟ್ ಹೋದರೂ ಅಳಿಯದ ಈಪ್ರಾಮ್ ಮೆಮೊರಿಯಲ್ಲಿ ಬರೆದಿಟ್ಟು, ಶುರುವಿನಲ್ಲಿ ಅದನ್ನೇ ಓದಿ ಆ ಕೋನ ಕೊಡಿ. ಹೊಸ ಬೋರ್ಡಿನ ಈಪ್ರಾಮ್ ಓದಿದರೆ 255 ಬರುತ್ತದೆ. ಅದನ್ನೇ ಕೋನ ಅಂತ ಸರ್ವೋಗೆ ಕೊಟ್ಟರೆ ಅದು ತುದಿಗೆ ಹೋಗಿ ನಾಲಿಗೆ ಹಳಿಯನ್ನು ಕಿತ್ತುಹಾಕಬಹುದು. 255 ಕಂಡರೆ ನೇರ ದಾರಿಯ ಕೋನ ಕೊಡು ಅಂತ ಒಂದು ಸಾಲು ಸೇರಿಸಿ. ಈಪ್ರಾಮ್‌ಗೆ ಬರೆಯುವುದು ಪಾಯಿಂಟು ತಿರುಗಿದಾಗ ಮಾತ್ರ. ಒಂದು ಜಾಗಕ್ಕೆ ಸುಮಾರು 1,00,000 ಸಲ ಬರೆಯಬಹುದು. ಲೂಪಿನೊಳಗೆ ಬರೆದರೆ ಅದು ಬೇಗ ಸವೆದುಹೋಗುತ್ತದೆ.

ಹಾಸನದಲ್ಲಿ ಮಳೆಗಾಲದ ಸಂಜೆ ಕರೆಂಟ್ ಹೋಗಿ ಬರುವುದು ಮಾಮೂಲು. ಈ ಮೂರೂ ಸರಿಯಿದ್ದರೆ ಕರೆಂಟ್ ಬಂದಾಗ ಪಾಯಿಂಟುಗಳು ಇದ್ದಲ್ಲೇ ಇರುತ್ತವೆ. ಚಿಕ್ಕದೊಂದು ಮಿಡಿತ ಮಾತ್ರ ಉಳಿದಿದ್ದರೆ ಸಿಗ್ನಲ್ ವೈರಿಗೂ ಗ್ರೌಂಡಿಗೂ ನಡುವೆ 10,000 ಓಮ್ ರೆಸಿಸ್ಟರ್ ಹಾಕಿ ನೋಡಿ.

ಪಾಯಿಂಟು ಸರಿಯಾಗಿ ತಿರುಗಿದೆ, ಎಂಜಿನ್ ಮಾತ್ರ ಅಲ್ಲೇ ನಿಲ್ಲುತ್ತದೆ

ಮಾದರಿ ಎಂಜಿನ್ನಿಗೆ ಕರೆಂಟ್ ಬರುವುದು ಹಳಿಯಿಂದಲೇ. ಎರಡು ಥರದ ನಿಲ್ಲುವಿಕೆ ಇದೆ. ಎಂಜಿನ್ ಒಂದೇ ಸತ್ತು ಉಳಿದ ಗಾಡಿಗಳು ಓಡುತ್ತಿದ್ದರೆ ಫ್ರಾಗಿಗೆ ಕರೆಂಟ್ ಬರುತ್ತಿಲ್ಲ. ಎಲ್ಲ ಗಾಡಿಯೂ ಒಟ್ಟಿಗೆ ನಿಂತು ಕಂಟ್ರೋಲರಿನ ಕೆಂಪು ದೀಪ ಬಂದರೆ ಶಾರ್ಟ್ ಆಗಿದೆ.

ಕರೆಂಟ್ ಬಾರದಿದ್ದಾಗ ಮೊದಲು ಹಳಿ ಒರೆಸಿ. ಮೊಬೈಲ್ ರಿಪೇರಿಯವರ ಹತ್ತಿರ ಐಪಿಎ (ಐಸೋಪ್ರೊಪೈಲ್ ಆಲ್ಕೊಹಾಲ್) ದ್ರವ ಸಿಗುತ್ತದೆ. ಬಟ್ಟೆಗೆ ಸ್ವಲ್ಪ ಹಾಕಿ ನಾಲಿಗೆ ಹಳಿಯ ಒಳಮೈಯನ್ನೂ ಒರೆಸಿ. ಅದಕ್ಕೆ ಬೇಗ ಬೆಂಕಿ ಹತ್ತುತ್ತದೆ, ಕರೆಂಟ್ ಆರಿಸಿರಿ, ಸೋಲ್ಡರಿಂಗ್ ಕಡ್ಡಿ ದೂರ ಇರಲಿ. ಒರೆಸಿದ ಮೇಲೆ ಒಂದು ವಾರ ಚೆನ್ನಾಗಿದ್ದು ಮತ್ತೆ ನಿಂತರೆ, ನಿಮ್ಮ ಪಾಯಿಂಟಿನಲ್ಲಿ ಫ್ರಾಗಿಗೆ ಕರೆಂಟ್ ಹೋಗುತ್ತಿರುವುದು ನಾಲಿಗೆ ಹಳಿಯ ತುದಿ ತಾಗುವುದರಿಂದ ಮಾತ್ರ. ಆ ತುದಿಯನ್ನು ನಂಬಬೇಡಿ. ಸರ್ವೋದ ಕೈ ಒಂದು ಮೈಕ್ರೋಸ್ವಿಚ್ಚನ್ನು ಒತ್ತುವ ಹಾಗೆ ಮಾಡಿ, ಅದರಿಂದ ಫ್ರಾಗಿಗೆ ಬೇರೆ ವೈರ್ ಕೊಡಿ.

ಶಾರ್ಟ್ ಆದರೆ ಮೀಟರನ್ನು ಬೀಪ್‌ಗೆ ಇಡಿ. ಹಳಿಯ ಕರೆಂಟ್ ಬಿಚ್ಚಿ, ಎಂಜಿನ್‌ಗಳನ್ನು ಎತ್ತಿ, ಫ್ರಾಗಿಗೂ ಎರಡು ಹೊರಗಿನ ಹಳಿಗಳಿಗೂ ಒಂದೊಂದಾಗಿ ಹಿಡಿಯಿರಿ. ಯಾವುದಾದರೂ ಒಂದಕ್ಕೆ ಮಾತ್ರ ಬೀಪ್ ಬರಬೇಕು. ಪಾಯಿಂಟು ತಿರುಗಿಸಿದರೆ ಇನ್ನೊಂದಕ್ಕೆ ಬದಲಾಗಬೇಕು. ಎರಡಕ್ಕೂ ಬಂದರೆ ಫ್ರಾಗಿನ ಆಚೆ ಕರೆಂಟ್ ದಾಟದ ಹಾಗೆ ಹಳಿ ಜೋಡಿಸಲು ಹಾಕಬೇಕಾದ ಪ್ಲಾಸ್ಟಿಕ್ ಜಾಯಿಂಟರ್ ಬಿಟ್ಟುಹೋಗಿದೆ. ಒಂದಕ್ಕೇ ಬಂದು, ಅದು ತಪ್ಪು ಹಳಿಯಾದರೆ ಮೈಕ್ರೋಸ್ವಿಚ್ಚಿನ ಎರಡು ವೈರ್ ಅದಲುಬದಲಾಗಿದೆ.

ಇನ್ನೊಂದು ಸೂಕ್ಷ್ಮ ಇದೆ. ಪಾಯಿಂಟು ತಿರುಗುವ ಆ ಒಂದು ಕ್ಷಣ ಮಾತ್ರ ಶಾರ್ಟ್ ಆಗಿ ಸರಿಹೋಗುತ್ತದೆ. ಸರ್ವೋ ನಿಧಾನ, ಸ್ವಿಚ್ ಚುರುಕು. ನಾಲಿಗೆ ಹಳಿ ಇನ್ನೂ ಒಂದು ಹಳಿಗೆ ತಾಗಿಕೊಂಡಿರುವಾಗಲೇ ಸ್ವಿಚ್ ಬದಲಾದರೆ ಹೀಗಾಗುತ್ತದೆ. ದಾರಿಯ ಸರಿಯಾಗಿ ನಡುವಿನಲ್ಲಿ ಸ್ವಿಚ್ ಬೀಳುವ ಹಾಗೆ ಅದನ್ನು ಸರಿಸಿ.

ಡಿಸಿಸಿ, ಅಂದರೆ ಹಳಿಯ ಕರೆಂಟಿನ ಜೊತೆಗೇ ಡಿಜಿಟಲ್ ಆಜ್ಞೆ ಕಳಿಸುವ ಪದ್ಧತಿ, ಬಳಸುವವರಿಗೆ ಒಂದು ಅನುಭವ ಹೇಳುತ್ತೇನೆ. ಚಿಕ್ಕಮಗಳೂರಿನ ಗೆಳೆಯರೊಬ್ಬರಿಗೆ 2013ರಲ್ಲಿ ಕಡೂರಿನಿಂದ ಅವರ ಊರಿಗೆ ರೈಲು ಬಂದಾಗಿನಿಂದ ಈ ಹವ್ಯಾಸ ಹಿಡಿಯಿತು. ಅವರ ಕಡೂರು ಜಂಕ್ಷನ್ನಿನಲ್ಲಿ ಎಂಜಿನ್ ತಪ್ಪು ಪಾಯಿಂಟಿಗೆ ನುಗ್ಗಿ ಶಾರ್ಟ್ ಆಗುತ್ತಿತ್ತು. ಪಾಯಿಂಟು ತಿರುಗಿಸಿ ಸರಿಮಾಡೋಣ ಅಂದರೆ ತಿರುಗುತ್ತಿರಲಿಲ್ಲ. ಆಜ್ಞೆ ಓದಿ ಪಾಯಿಂಟು ತಿರುಗಿಸುವ ಡಿಕೋಡರಿಗೂ ಅದೇ ಹಳಿಯಿಂದ ಕರೆಂಟ್! ಹಳಿ ಸತ್ತರೆ ಡಿಕೋಡರೂ ಸತ್ತ ಹಾಗೆ. ಡಿಕೋಡರುಗಳಿಗೆ ಬೇರೆ ಲೈನ್ ಎಳೆದ ಮೇಲೆ ಆ ತೊಂದರೆ ಹೋಯಿತು.

ಬಟನ್ ಮುಟ್ಟದೆ ತಾನಾಗಿ ತಿರುಗುತ್ತದೆ, ಅಥವಾ ಬೇರೆಯದು ತಿರುಗುತ್ತದೆ

ಬಟನ್ನಿನ ಉದ್ದ ವೈರ್ ಹಳಿಯ ವೈರಿನ ಪಕ್ಕದಲ್ಲೇ ಓಡುತ್ತಿದ್ದರೆ ಸುಳ್ಳು ಸಿಗ್ನಲ್ ಬರುತ್ತದೆ. ಎರಡನ್ನೂ ದೂರ ಮಾಡಿ. ಪ್ರೋಗ್ರಾಮಿನಲ್ಲಿ ಪಿನ್ನನ್ನು ಇನ್‌ಪುಟ್ ಪುಲ್‌ಅಪ್ ಮಾಡಿದ್ದೀರಾ ನೋಡಿ. ಬಟನ್ ಒತ್ತದಿದ್ದಾಗ ಪಿನ್ನನ್ನು 5 ವೋಲ್ಟಿಗೆ ಎಳೆದು ಹಿಡಿಯುವ ರೆಸಿಸ್ಟರ್ ಅದು. ಒಳಗಿನ ಪುಲ್‌ಅಪ್ ಉದ್ದ ವೈರಿಗೆ ದುರ್ಬಲ. ಹೊರಗೆ 5 ವೋಲ್ಟಿಗೆ 4,700 ಓಮ್ ಹಾಕಿದರೆ ಗಟ್ಟಿಯಾಗುತ್ತದೆ. ಒಮ್ಮೆ ಒತ್ತಿದರೆ ಹೋಗಿ ವಾಪಸ್ ಬಂದರೆ ಬಟನ್ ಒಳಗೆ ಪುಟಿಯುತ್ತಿದೆ. ಒತ್ತಿದ್ದು 50 ಮಿಲಿಸೆಕೆಂಡ್ ನಿಂತರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಲಿ.

ಡಿಸಿಸಿಯಲ್ಲಿ 5ನೇ ಪಾಯಿಂಟು ಕರೆದರೆ 1ನೆಯದು ಓಡಿಬಂದರೆ ಹೆದರಬೇಡಿ. ಬೇರೆ ಬೇರೆ ಕಂಪನಿಗಳು ಪಾಯಿಂಟಿನ ನಂಬರ್ ಎಣಿಸುವುದರಲ್ಲಿ ನಾಲ್ಕರ ವ್ಯತ್ಯಾಸ ಇದೆ. ನಾಲ್ಕು ಕೂಡಿಸಿಯೋ ಕಳೆದೋ ನೋಡಿ.

ಬೇಸಿಗೆಯಲ್ಲಿ ಸರಿ, ಮಳೆಗಾಲದಲ್ಲಿ ಮಾತ್ರ ತೊಂದರೆ

ನಮ್ಮ ಕಡೆಯವರಿಗೆ ಇದು ಪ್ರತಿ ವರ್ಷದ ಕತೆ. ಪುನರ್ವಸು ಮಳೆ ಹಿಡಿಯಿತು ಅಂದರೆ ಪ್ಲೈವುಡ್ ತೇವ ಹೀರಿ ಉಬ್ಬುತ್ತದೆ. ಸರ್ವೋ ಇರುವ ಜಾಗಕ್ಕೂ ಪಾಯಿಂಟಿಗೂ ಕೂದಲೆಳೆಯಷ್ಟು ದೂರ ಬದಲಾದರೂ ಸಾಕು, ಬೇಸಿಗೆಯಲ್ಲಿ ಹಾಕಿದ ಕೋನ ಸಾಲುವುದಿಲ್ಲ. ಕೋನ ತಿದ್ದುವ ಮೊದಲು ಹಾಳೆಯ ಪರೀಕ್ಷೆ ಮಾಡಿ. ಹಲಗೆಯ ಕೆಳಮೈ ಮತ್ತು ಅಂಚುಗಳಿಗೆ ವಾರ್ನಿಷ್ ಹೊಡೆದ ಮೇಲೆ ನನ್ನಲ್ಲಿ ಇದು ಬಹಳ ಕಡಿಮೆಯಾಯಿತು. ಟರ್ಮಿನಲ್ಲುಗಳಲ್ಲಿ ಹಸಿರು ಪುಡಿ ಕಂಡರೆ ವೈರಿನ ತುದಿ ಕತ್ತರಿಸಿ ಹೊಸದಾಗಿ ಹಾಕಿ. ಇರುವೆಯನ್ನೂ ನೋಡಿ, ಸ್ವಿಚ್ಚಿನೊಳಗೆ ಗೂಡು ಕಟ್ಟಿರುತ್ತವೆ. ಭರಣಿ ಮಳೆಯ ಗುಡುಗು ಕೇಳಿದ ಕೂಡಲೇ ಪ್ಲಗ್ಗು, ಯುಎಸ್‌ಬಿ ಕೇಬಲ್ಲು ಎರಡನ್ನೂ ಕೀಳಿ.

ಪ್ರೋಗ್ರಾಂ ಬೋರ್ಡಿಗೆ ಹೋಗುವುದೇ ಇಲ್ಲ

ಕೇಬಲ್ ಬದಲಾಯಿಸಿ. ಚಾರ್ಜ್ ಮಾತ್ರ ಮಾಡುವ ಕೇಬಲ್ಲುಗಳಲ್ಲಿ ಡೇಟಾ ತಂತಿ ಇರುವುದಿಲ್ಲ. ಅಗ್ಗದ ಆರ್ಡುಯಿನೋ ನ್ಯಾನೋ ಬೋರ್ಡಾದರೆ ಲ್ಯಾಪ್‌ಟಾಪಿಗೆ ಸಿಎಚ್340 ಡ್ರೈವರ್ ಬೇಕಾಗಬಹುದು, ಮೆನುವಿನಲ್ಲಿ ಹಳೆಯ ಬೂಟ್‌ಲೋಡರ್ ಆರಿಸಿ ನೋಡಿ. 0 ಮತ್ತು 1ನೇ ಪಿನ್ನಿಗೆ ಬಟನ್ ಕಟ್ಟಿದ್ದರೆ ಬಿಚ್ಚಿ. ಅಪ್‌ಲೋಡ್ ಆಗುವುದು ಅದೇ ದಾರಿಯಲ್ಲಿ.

ಇಲ್ಲಿಗೆ ನಿಲ್ಲಿಸಿ

ಸುಟ್ಟ ವಾಸನೆ ಬಂದರೆ ಪ್ಲಗ್ ಕೀಳಿ, ಆ ದಿನದ ಕೆಲಸ ಮುಗಿಸಿ. ಕಾಯಿಲ್ ಮೋಟಾರಿಗೆ ಒತ್ತಿ ಬಿಡುವ ಬಟನ್ ಬದಲು ಮಾಮೂಲಿ ಸ್ವಿಚ್ ಹಾಕಿದ್ದರೆ ಕೆಲವು ಸೆಕೆಂಡಿನಲ್ಲೇ ಕಾಯಿಲ್ ಸುಡುತ್ತದೆ. ಒತ್ತುವ ಬಟನ್ನೂ ಒಳಗೆ ಅಂಟಿಕೊಂಡರೆ ಅದೇ ಗತಿ. ಫ್ಯೂಸ್ ಎರಡನೇ ಸಲ ಹೋದರೆ ಮೂರನೆಯದು ಹಾಕಬೇಡಿ. ದಪ್ಪ ಫ್ಯೂಸಂತೂ ಬೇಡವೇ ಬೇಡ. ಅಡಾಪ್ಟರ್ ಮುಟ್ಟಿದಾಗ ಜುಮ್ ಅಂದರೆ, ಅಥವಾ ಗೋಡೆಯ ಸಾಕೆಟ್ಟಿನಲ್ಲಿ ಕಿಡಿ ಕಂಡರೆ ಎಲೆಕ್ಟ್ರಿಷಿಯನ್ ಬರಲಿ.

ಪ್ರೋಗ್ರಾಂ, ವೈರಿಂಗ್ ಅರ್ಥವಾಗದಿದ್ದರೆ ಕೇಳಲು ಸಂಕೋಚ ಬೇಡ. ಹಾಸನದ ಮಲ್ನಾಡ್ ಎಂಜಿನಿಯರಿಂಗ್ ಕಾಲೇಜಿನಲ್ಲೋ ಚಿಕ್ಕಮಗಳೂರಿನ ಎಐಟಿ ಎಂಜಿನಿಯರಿಂಗ್ ಕಾಲೇಜಿನಲ್ಲೋ ಎಲೆಕ್ಟ್ರಾನಿಕ್ಸ್ ಓದುವ ಹುಡುಗ ಹುಡುಗಿಯರು ನಿಮ್ಮ ಬೀದಿಯಲ್ಲೇ ಇರಬಹುದು. ಆರ್ಡುಯಿನೋ ಅವರಿಗೆ ಹೊಸದಲ್ಲ. ಅವರು ಬರುವ ಮೊದಲು ಒಂದು ಹಾಳೆ ಸಿದ್ಧವಿರಲಿ: ಪಾಯಿಂಟಿನ ನಂಬರ್, ಅದರ ಪಿನ್, ನೇರ ದಾರಿಯ ಕೋನ, ತಿರುವಿನ ಕೋನ, ವೈರಿನ ಬಣ್ಣ, ದೋಷ ಯಾವಾಗ ಬರುತ್ತದೆ, ಏನೇನು ಬದಲಾಯಿಸಿ ನೋಡಿದಿರಿ. ನನ್ನ ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಹಲಗೆಯ ಕೆಳಗೆ, ಮಲಗಿದಾಗ ಕಣ್ಣಿಗೆ ನೇರ ಕಾಣುವ ಕಡೆ ಅಂಟಿಸಿದ್ದೇನೆ.